ಹಠ ಹಿಡಿದ ಹಿಂಬದಿ ಶಾಕ್ ಅಬ್ಸಾರ್ಬರ್‌ಗಳನ್ನು ಮನೆಯಲ್ಲೇ ಬದಲಿಸುವ ಬಗೆ

ಹಳೆಯ ನಾಲ್ಕು ಚಕ್ರದ ವಾಹನಕ್ಕೆ ಹೊಸ ಶಾಕ್ ಅಬ್ಸಾರ್ಬರ್ ಕೂರಿಸುವುದು ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ. ಇದ್ದದ್ದನ್ನು ಬಿಚ್ಚುವುದಕ್ಕೆ ಮಾತ್ರ ಇಡೀ ದಿನ ಹಿಡಿಯಬಹುದು. ವರ್ಷಗಟ್ಟಲೆ ಚಕ್ರ ಎರಚಿದ ಕೆಸರುನೀರಿನಲ್ಲಿ ನೆಂದ ಕೆಳಗಿನ ಬೋಲ್ಟು, ಶಾಕ್‌ನ ತುದಿಯ ಉಂಗುರದಲ್ಲಿ ಕೂರುವ ರಬ್ಬರ್ ಬುಷ್‌ನ ನಡುವಿನ ಉಕ್ಕಿನ ಕೊಳವೆಗೆ ತುಕ್ಕಿನಿಂದ ಅಂಟಿಕೊಂಡು, ಎರಡೂ ಒಟ್ಟಿಗೇ ಎರಕ ಹೊಯ್ದಂತೆ ಬಿಗಿದುಹೋಗಿರುತ್ತದೆ. ಹೀಗಾಗಿ ಇಲ್ಲಿ ಬಿಚ್ಚುವ ವಿಚಾರವೇ ಹೆಚ್ಚು.

ಮೊದಲು ವಾಹನದ ಅಡಿಗೆ ಬಗ್ಗಿ ನೋಡಿ. ಸ್ಪ್ರಿಂಗ್ ಒಂದು ಕಡೆ, ಶಾಕ್ ಇನ್ನೊಂದು ಕಡೆ ಬೇರೆಬೇರೆಯಾಗಿದ್ದರೆ ಮಾತ್ರ ಮುಂದೆ ಹೇಳುವುದು ಅನ್ವಯಿಸುತ್ತದೆ. ಸ್ಪ್ರಿಂಗ್ ಶಾಕ್‌ನ ಮೈಯನ್ನೇ ಸುತ್ತಿಕೊಂಡಿದ್ದರೆ, ನೆತ್ತಿಯ ನಡುವಿನ ನಟ್ಟು ಸಡಿಲವಾದ ಕ್ಷಣದಲ್ಲಿ ಅದುಮಿಟ್ಟ ಸ್ಪ್ರಿಂಗ್ ಸಿಡಿದು ಪ್ರಾಣಾಪಾಯವಾಗಬಹುದು. ಅದನ್ನು ಸರಿಯಾದ ಸಲಕರಣೆ ಇರುವವರಿಗೆ ಬಿಡುವುದು ಲೇಸು.

ಕೆಲಸಕ್ಕೆ ಕೂರುವ ಎರಡು ಮೂರು ದಿನ ಮುಂಚೆಯೇ ಸಿದ್ಧತೆ ಆರಂಭವಾಗಬೇಕು. ವೈರ್ ಬ್ರಷ್‌ನಿಂದ ನಟ್ಟಿನ ಹೊರಗೆ ಚಾಚಿರುವ ಬೋಲ್ಟಿನ ತಿರುಪು ಎಳೆಗಳನ್ನು ಲೋಹ ಕಾಣುವ ತನಕ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆಯನ್ನು ಬೆಳಿಗ್ಗೆ ಸಂಜೆ ಹಾಕುತ್ತಿರಿ. ಎಲ್ಲರೂ ನಟ್ಟಿಗೆ ಮಾತ್ರ ಎಣ್ಣೆ ಹಾಕುತ್ತಾರೆ. ನಿಜವಾದ ಹಿಡಿತವಿರುವುದು ಕೊಳವೆಯೊಳಗೆ. ಆದ್ದರಿಂದ ಬೋಲ್ಟನ್ನು ಹಿಡಿದಿರುವ ಬ್ರಾಕೆಟ್ಟಿಗೂ ಕೊಳವೆಗೂ ನಡುವೆ ಇರುವ ಕೂದಲೆಳೆಯಷ್ಟು ಸಂದಿಗೂ ಎರಡೂ ಬದಿಯಿಂದ ಎಣ್ಣೆ ಇಳಿಯಬೇಕು. ಹೊಸ ಶಾಕ್ ತರುವಾಗ ಹೊಸ ಬೋಲ್ಟು ನಟ್ಟುಗಳನ್ನೂ ತಂದಿಟ್ಟುಕೊಳ್ಳಿ. ಹಳೆಯದು ಮುರಿದರೂ ಚಿಂತೆಯಿಲ್ಲ ಎಂಬ ಧೈರ್ಯವಿದ್ದಾಗ ಕೈ ಸರಾಗವಾಗಿ ಓಡುತ್ತದೆ. ಶಾಕ್‌ಗಳನ್ನು ಯಾವಾಗಲೂ ಜೋಡಿಯಾಗಿಯೇ ಬದಲಿಸಬೇಕು. ಒಂದು ಹೊಸದು, ಒಂದು ಹಳೆಯದಾದರೆ ವಾಹನದ ಎರಡು ಬದಿಗಳು ಎರಡು ಬಗೆಯಾಗಿ ನಡೆದುಕೊಳ್ಳುತ್ತವೆ.

ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಟ್ಟು, ಹಿಂಭಾಗವನ್ನು ಎತ್ತಿ ಛಾಸಿಯ ಕೆಳಗೆ ಸ್ಟ್ಯಾಂಡ್‌ಗಳನ್ನು ಇಡಿ. ಬರೀ ಜಾಕ್ ನಂಬಿ ಯಾರೂ ವಾಹನದ ಅಡಿಗೆ ಹೋಗಬಾರದು. ಜಾಕನ್ನು ಈಗ ಹಿಂದಿನ ಚಕ್ರಗಳ ನಡುವಿನ ಅಡ್ಡ ದಂಡವಾದ ಆಕ್ಸಲ್ ಕೆಳಗೆ ತಂದು ಭಾರ ತಾಗುವಷ್ಟು ಮಾತ್ರ ಎತ್ತಿ ನಿಲ್ಲಿಸಿ. ಕಾಯಿಲ್ ಸ್ಪ್ರಿಂಗ್ ಇರುವ ಹಲವು ವಾಹನಗಳಲ್ಲಿ ಆಕ್ಸಲ್ ತೀರಾ ಕೆಳಗಿಳಿಯದಂತೆ ತಡೆಯುವುದು ಶಾಕ್ ಒಂದೇ. ಅದನ್ನು ಕಳಚಿದೊಡನೆ ಆಕ್ಸಲ್ ಜೋತುಬಿದ್ದು ಬ್ರೇಕಿನ ರಬ್ಬರ್ ಪೈಪನ್ನು ಎಳೆಯುತ್ತದೆ, ಸ್ಪ್ರಿಂಗೂ ಜಾಗ ಬಿಟ್ಟು ಜಾರಬಹುದು. ಒಂದು ಬದಿ ಮುಗಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿ.

ಶಾಕ್‌ನ ಮೇಲ್ತುದಿ ಕಡ್ಡಿಯ ರೂಪದಲ್ಲಿದ್ದರೆ, ಅದರ ನಟ್ಟು ಸಾಮಾನ್ಯವಾಗಿ ಡಿಕ್ಕಿಯ ಒಳಗಿನ ಮುಚ್ಚಳದ ಕೆಳಗೋ ಛಾಸಿಯ ಮೇಲೆಯೋ ಇರುತ್ತದೆ. ಇಲ್ಲಿನ ಕಾಟವೇ ಬೇರೆ: ನಟ್ಟು ತಿರುಗಿಸಿದರೆ ಜೊತೆಗೆ ಕಡ್ಡಿಯೂ ತಿರುಗುತ್ತದೆ. ನಾನು ಮೊದಲ ಸಲ ಅರ್ಧ ಗಂಟೆ ತಿರುಗಿಸಿದ ಮೇಲೆ, ನಟ್ಟು ಒಂದು ಎಳೆಯೂ ಮೇಲೇರಿಲ್ಲವೆಂದು ತಿಳಿಯಿತು. ಕಡ್ಡಿಯ ತುದಿಯಲ್ಲಿ ಚಪ್ಪಟೆ ಮಾಡಿದ ಜಾಗವಿದ್ದರೆ ಅದನ್ನು ಸಣ್ಣ ಸ್ಪ್ಯಾನರ್‌ನಿಂದ ಹಿಡಿಯಿರಿ; ಅದು ಸವೆದಿದ್ದರೆ, ಧೂಳುಕವಚವನ್ನು ಕತ್ತರಿಸಿ ತೆಗೆದು, ಹೊಳೆಯುವ ಕಡ್ಡಿಯನ್ನೇ ಬಿಗಿಹಿಡಿತದ ಇಕ್ಕಳವಾದ ವೈಸ್ ಗ್ರಿಪ್‌ನಿಂದ ಕಚ್ಚಿ ಹಿಡಿಯಬಹುದು. ಎಸೆಯುವ ಶಾಕ್‌ಗೆ ಗೀರು ಬಿದ್ದರೇನಂತೆ. ಹೊಸದರ ಕಡ್ಡಿಗೆ ಮಾತ್ರ ಇಕ್ಕಳ ತಾಗಲೇಬಾರದು, ಒಂದು ಗೀರು ಸಾಕು, ಸೀಲ್ ಹರಿದು ಎಣ್ಣೆ ಸೋರಲು.

ಕೆಳಗಿನ ಬೋಲ್ಟಿಗೆ ಆರು ಮೂಲೆಯ ಸಾಕೆಟ್ ಮತ್ತು ಉದ್ದನೆಯ ಹಿಡಿ ಬೇಕು. ಹನ್ನೆರಡು ಮೂಲೆಯದು ತುಕ್ಕು ತಿಂದ ತಲೆಯನ್ನು ಉರುಟಾಗಿಸಿಬಿಡುತ್ತದೆ. ಮೊದಲು ಬಿಗಿಯುವ ದಿಕ್ಕಿಗೆ ಸ್ವಲ್ಪ ಒತ್ತಿ, ಬಳಿಕ ಬಿಚ್ಚುವ ದಿಕ್ಕಿಗೆ ತಿರುಗಿಸಿ. ‘ಟಕ್’ ಎಂಬ ಒಣ ಸದ್ದು ಬಂದರೆ ತುಕ್ಕು ಬಿಟ್ಟಿದೆ ಎಂದರ್ಥ. ಸದ್ದಿಲ್ಲದೆ ಮೆತ್ತಗೆ ತಿರುಗಿದಂತೆ ಅನಿಸಿದರೆ ನಿಲ್ಲಿಸಿ; ಬೋಲ್ಟು ತಿರುಚಿಕೊಳ್ಳುತ್ತಿದೆ, ಇಲ್ಲವೇ ಕೊಳವೆಯೂ ಜೊತೆಗೇ ತಿರುಗಿ ರಬ್ಬರ್ ಹಿಂಡುತ್ತಿದೆ. ನಟ್ಟು ಬಂದರೂ ಬೋಲ್ಟು ಹೊರಬರದಿದ್ದರೆ, ನಟ್ಟನ್ನು ಬೋಲ್ಟಿನ ತುದಿಯ ಮಟ್ಟಕ್ಕೆ ಮರಳಿ ಹಾಕಿ ಅದರ ಮೇಲೆ ಸುತ್ತಿಗೆಯಿಂದ ಹೊಡೆಯಿರಿ, ಎಳೆಗಳು ಹಾಳಾಗುವುದಿಲ್ಲ.

ಅದಕ್ಕೂ ಜಗ್ಗದಿದ್ದರೆ ಕತ್ತರಿಸುವುದೇ ದಾರಿ. ಬುಷ್‌ಗೂ ಬ್ರಾಕೆಟ್ಟಿಗೂ ನಡುವಿನ ಸಂದಿಯಲ್ಲಿ ಹ್ಯಾಕ್ಸಾದ ಬರಿಯ ಬ್ಲೇಡನ್ನು ತೂರಿಸಿ ಬೋಲ್ಟನ್ನು ಎರಡೂ ಕಡೆ ಕೊಯ್ದರೆ ಶಾಕ್ ಕೈಗೆ ಬರುತ್ತದೆ. ನಿಧಾನದ ಕೆಲಸ, ಆದರೆ ಕಿಡಿ ಹಾರುವುದಿಲ್ಲ. ಬೋಲ್ಟನ್ನು ಬೆಂಕಿಯಿಂದ ಕಾಯಿಸಿ ಸಡಿಲಿಸುವ ಮಾತು ನಾನು ಹೇಳುವುದೇ ಇಲ್ಲ. ಇಂಧನದ ಟ್ಯಾಂಕು, ಬ್ರೇಕಿನ ಕೊಳವೆಗಳು ಹಿಂಭಾಗದಲ್ಲೇ ಇರುತ್ತವೆ. ಅದಕ್ಕಿಂತ ಮುಖ್ಯವಾಗಿ, ಗ್ಯಾಸ್ ತುಂಬಿದ ಶಾಕ್‌ನಲ್ಲಿ ಒತ್ತಡದ ನೈಟ್ರೋಜನ್ ಇರುವುದರಿಂದ ಅದರ ಮೈಯನ್ನು ಕಾಯಿಸುವುದಾಗಲಿ ಕೊಯ್ಯುವುದಾಗಲಿ ಸಲ್ಲದು.

ಹೊಸ ಶಾಕ್‌ನ ಮೈ ಒಂದರೊಳಗೊಂದು ಕೂತ ಎರಡು ಕೊಳವೆಯದಾಗಿದ್ದರೆ, ನೆಟ್ಟಗೆ ಹಿಡಿದು ನಾಲ್ಕೈದು ಬಾರಿ ಪೂರ್ತಿ ಎಳೆದು ಒತ್ತಿ. ಮಲಗಿಸಿಟ್ಟಾಗ ಒಳಗೆ ಸೇರಿದ ಗಾಳಿ ಮೇಲೇರುತ್ತದೆ. ಬೋಲ್ಟಿನ ನಯವಾದ ಭಾಗಕ್ಕೆ ಗ್ರೀಸ್ ಸವರಿ, ನಟ್ಟುಗಳನ್ನು ಕೈಯಿಂದ ಕೂರಿಸಿ. ಪೂರ್ತಿ ಬಿಗಿಯುವುದು ಈಗಲ್ಲ. ಬಹುತೇಕ ಬುಷ್‌ಗಳಲ್ಲಿ ರಬ್ಬರ್ ನಡುವಿನ ಉಕ್ಕಿನ ಕೊಳವೆಗೆ ಅಂಟಿದ್ದು, ತಿರುಚಿಕೊಳ್ಳುವ ಮೂಲಕವೇ ಕೆಲಸ ಮಾಡುತ್ತದೆ. ಚಕ್ರ ಜೋತಾಡುತ್ತಿರುವಾಗ ಬಿಗಿದರೆ, ವಾಹನ ನೆಲಕ್ಕಿಳಿದಾಗ ಅದು ಸದಾ ತಿರುಚಿದ ಸ್ಥಿತಿಯಲ್ಲೇ ಉಳಿಯುತ್ತದೆ. ನಾನು ಒಮ್ಮೆ ಅವಸರಪಟ್ಟು ಬಿಗಿದ ಜೋಡಿಯ ಬುಷ್ ಕೆಲವೇ ತಿಂಗಳಲ್ಲಿ ಬಿರಿದಿತ್ತು. ಆದ್ದರಿಂದ ಚಕ್ರಗಳ ಮೇಲೆ ಪೂರ್ತಿ ಭಾರ ಬಿಟ್ಟ ನಂತರ, ವಾಹನದ ಕೈಪಿಡಿ ಹೇಳುವ ಅಳತೆಗೆ, ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ನೂರು ಕಿಲೋಮೀಟರ್ ಓಡಿಸಿ ಬಂದ ಮೇಲೆ ಅದೇ ರೆಂಚ್ ಹಿಡಿದು ಮತ್ತೊಮ್ಮೆ ನೋಡಿ.