ನಲ್ಲಿ ನೀರಿನ ಜಾತಕ ಲೈಬ್ರರಿಯಲ್ಲಿ

ಕೋಲಾರದ ನಮ್ಮ ಬೀದಿಯ ಹುಡುಗಿಯೊಬ್ಬಳು ಮುಂದಿನ ತಿಂಗಳು ಕ್ಯಾಲಿಫೋರ್ನಿಯಾಗೆ ಹೊರಟಿದ್ದಾಳೆ. ಮೊನ್ನೆ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ, ಕ್ಯಾನ್ ತುಂಬೋದನ್ನೇ ನೋಡುತ್ತಾ ಕೇಳಿದಳು: "ಅಕ್ಕಾ, ಅಲ್ಲಿ ನಲ್ಲಿ ನೀರು ಕುಡೀಬಹುದಾ?" ಬೋರ್‌ವೆಲ್ ಫ್ಲೋರೈಡಿಗೆ ಹಲ್ಲು ಕಂದಾಗುವ ಸೀಮೆಯವರು ಮೊದಲು ಕೇಳೋದೇ ಅದು, ಅಲ್ವಾ?

ಅದೇ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಹನ್ನೊಂದು ವರ್ಷ ಇದ್ದು ಬಂದವಳು ನಾನು. ಮನೆ ಸಿಕ್ಕ ವಾರವೇ ಹತ್ತಿರದ ಪಬ್ಲಿಕ್ ಲೈಬ್ರರಿಗೆ ಹೋಗು ಅಂದೆ.

ಅಮೆರಿಕಾದಲ್ಲಿ ಊರಿಗೆ ನೀರು ಕೊಡುವವರು ಪ್ರತಿ ವರ್ಷ ಜುಲೈ 1ರೊಳಗೆ ನೀರಿನ ವರದಿ ಕೊಡಲೇಬೇಕು. ಹೆಸರು ಕನ್ಸ್ಯೂಮರ್ ಕಾನ್ಫಿಡೆನ್ಸ್ ರಿಪೋರ್ಟ್. ಬಾಡಿಗೆಯವರಿಗೆ ಇದು ಎಷ್ಟೋ ಸಲ ಕೈಗೇ ಬರುವುದಿಲ್ಲ, ಯಾಕೆಂದರೆ ನೀರಿನ ಬಿಲ್ ಓನರ್ ಹೆಸರಿಗೆ ಹೋಗುತ್ತದೆ. ಲೈಬ್ರರಿಯ ರೆಫರೆನ್ಸ್ ಡೆಸ್ಕ್‌ನಲ್ಲಿ ಕೇಳಿ, ಹುಡುಕಿಕೊಡುತ್ತಾರೆ. ಅದರಲ್ಲಿ 'ಮಿತಿ ಮೀರಿಲ್ಲ' ಅನ್ನೋ ಸಾಲು ಓದಿ ಮಡಚಿಡಬೇಡಿ. ಫ್ಲೋರೈಡಿಗೆ ಇಡೀ ಅಮೆರಿಕಾದ ಮಿತಿ ಲೀಟರಿಗೆ 4 ಮಿಲಿಗ್ರಾಂ, ಕ್ಯಾಲಿಫೋರ್ನಿಯಾದ್ದು 2, ನಮ್ಮಲ್ಲಿ ಹೆಚ್ಚೆಂದರೆ 1.5. ಹಾಗಾಗಿ ಎಷ್ಟು ಸಿಕ್ಕಿದೆ ಅನ್ನೋ ಅಂಕಿ ನೋಡಿ. 0.7ರ ಆಸುಪಾಸು ಇದ್ದರೆ ಬಹುಶಃ ಹಲ್ಲು ಗಟ್ಟಿಯಾಗಲಿ ಅಂತ ಅವರೇ ಬೆರೆಸಿದ್ದು. ನಾವು ತೆಗೆಯೋಕೆ ಒದ್ದಾಡೋದನ್ನ ಅವರು ದುಡ್ಡು ಕೊಟ್ಟು ಹಾಕ್ತಾರೆ! ಸ್ವಂತ ಬಾವಿಯ ಮನೆಯಾದರೆ ಈ ವರದಿ ಇರುವುದಿಲ್ಲ, ನೀವೇ ಟೆಸ್ಟ್ ಮಾಡಿಸಬೇಕು.

ಇನ್ನು ಮಣ್ಣಿನ ವಿಷಯ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿದರೂ ಸೈನೈಡ್ ದಿಬ್ಬಗಳು ಕಣ್ಣಿಗೆ ಕಾಣುತ್ತವೆ. ಸಾಂಟಾ ಕ್ಲಾರಾದಲ್ಲಿ ಏನೂ ಕಾಣುವುದಿಲ್ಲ. ಹುಲ್ಲುಹಾಸು, ಗಾಜಿನ ಕಟ್ಟಡ, ಕೆಳಗೆ ಅಂತರ್ಜಲದಲ್ಲಿ ಚಿಪ್ ತಯಾರಿಕೆಯ ಹಳೇ ರಾಸಾಯನಿಕ. ವಿಷ ಸೇರಿದ ಜಾಗಗಳನ್ನು ಶುದ್ಧ ಮಾಡಿಸುವ 1980ರ ಸೂಪರ್‌ಫಂಡ್ ಕಾನೂನಿನ ಪಟ್ಟಿಗೆ ಸೇರಿದ ಇಂಥ ಜಾಗಗಳು ಆ ಒಂದೇ ಕೌಂಟಿಯಲ್ಲಿ ಇಪ್ಪತ್ತಕ್ಕೂ ಜಾಸ್ತಿ. ಪ್ರತಿ ಜಾಗದ ಕಾಗದಪತ್ರ ಅಕ್ಕಪಕ್ಕದ ಜನರಿಗೆ ಸಿಗುವಂತೆ ಹತ್ತಿರದಲ್ಲೇ ಇಡಬೇಕು. ಸಾಮಾನ್ಯವಾಗಿ ಇಡೋದು ಪಬ್ಲಿಕ್ ಲೈಬ್ರರಿಯಲ್ಲೇ, ಈಗೀಗ ಕಂಪ್ಯೂಟರಿನಲ್ಲಿ.

ನಾನು ಆ ಫೈಲ್ ತೆರೆದದ್ದು ಮನೆ ಹಿಡಿದು ಎರಡು ವರ್ಷದ ಮೇಲೆ. ನಕ್ಷೆಯಲ್ಲಿ ಕೊಳೆ ಹಬ್ಬಿದ ಚುಕ್ಕಿಗೆರೆ ನಮ್ಮ ಮನೆಗೆ ಎರಡೇ ಬೀದಿ ಆಚೆ ನಿಂತಿತ್ತು. ಮನೆ ತೋರಿಸಿದ ಏಜೆಂಟ್ ತುಟಿ ಬಿಚ್ಚಿರಲಿಲ್ಲ.

"ಈ ಮನೆ ತಗೋಬಹುದಾ?" ಅಂತ ಮಾತ್ರ ಲೈಬ್ರರಿಯವರನ್ನು ಕೇಳಬೇಡಿ. ಕಾಗದ ಹುಡುಕಿಕೊಡೋದಷ್ಟೇ ಅವರ ಕೆಲಸ. ಇಂಥ ಜಾಗಕ್ಕೆ ಶುದ್ಧೀಕರಣದ ಹೊಸ ಯೋಜನೆ ಬಂದಾಗ ಕನಿಷ್ಠ 30 ದಿನ ಜನ ಅಭಿಪ್ರಾಯ ಬರೆದು ಕಳಿಸಬಹುದು. ವೀಸಾ ಮೇಲಿರುವವರೂ ಬರೆಯಬಹುದು, ಸುಮ್ನೆ ಹಿಂಜರಿಯಬೇಡಿ. ಅಂದಹಾಗೆ, ಯಾವ ಕಾರ್ಖಾನೆ ಯಾವ ವಿಷ ಹೊರಬಿಡುತ್ತದೆ ಅಂತ ತಿಳಿಯುವ ಹಕ್ಕು ಅಲ್ಲಿನವರಿಗೆ ಸಿಕ್ಕಿದ್ದು 1986ರಲ್ಲಿ, ನಮ್ಮ ಭೋಪಾಲ್ ದುರಂತ ನೋಡಿ ಬೆಚ್ಚಿದ ಮೇಲೆ.

ಕ್ಯಾನ್ ತುಂಬಿತು. "ಲೈಬ್ರರಿ ಕಾರ್ಡಿಗೆ ಎಷ್ಟಾಗುತ್ತೆ ಅಕ್ಕಾ?" ಅಂದಳು. ಆ ಊರಿನವರಿಗೆ ಬಿಟ್ಟಿ, ವಿಳಾಸದ ಪುರಾವೆ ಇದ್ದರೆ ಸಾಕು. ಒಳಗೆ ಕೂತು ಓದೋದಕ್ಕೆ ಅದೂ ಬೇಡ.