ಕ್ಯುರಸಾವ್ ದ್ವೀಪಕ್ಕೆ ಹೋಗಿಬರುವುದು ಹೇಗೆ?

ವೆನೆಜುವೆಲಾ ಕರಾವಳಿಯಿಂದ ಸುಮಾರು 65 ಕಿಲೊಮೀಟರ್ ಉತ್ತರಕ್ಕೆ, ಕೆರಿಬಿಯನ್ ಸಮುದ್ರದಲ್ಲಿ, 444 ಚದರ ಕಿಲೊಮೀಟರ್ ವಿಸ್ತೀರ್ಣದ ಕ್ಯುರಸಾವ್ ಎಂಬ ಒಣ ದ್ವೀಪವಿದೆ. 1634ರಲ್ಲಿ ಡಚ್ ವೆಸ್ಟ್ ಇಂಡಿಯಾ ಕಂಪನಿ ಇದನ್ನು ಸ್ಪೇನಿನಿಂದ ಕಿತ್ತುಕೊಂಡಿತು. ನೆದರ್‌ಲೆಂಡ್ಸ್ ಆಂಟಿಲಿಸ್ ಎಂಬ ಹಳೆಯ ಆಡಳಿತ ಘಟಕ 2010ರ ಅಕ್ಟೋಬರ್ 10ರಂದು ವಿಸರ್ಜನೆಯಾದ ಬಳಿಕ, ಇದು ಡಚ್ ರಾಜಮನೆತನದ ಅಧೀನದಲ್ಲೇ ಉಳಿದು, ತನ್ನದೇ ಸಂಸತ್ತು ಮತ್ತು ಪ್ರಧಾನಿಯನ್ನು ಹೊಂದಿರುವ ಸ್ವಾಯತ್ತ ನಾಡಾಗಿದೆ. ಒಂದೂವರೆ ಲಕ್ಷದಷ್ಟು ಜನಸಂಖ್ಯೆಯ ಈ ನಾಡು 2026ರ ಫುಟ್‌ಬಾಲ್ ವಿಶ್ವಕಪ್‌ಗೆ ಅರ್ಹತೆ ಪಡೆದ ಮೇಲೆ ಅದರ ಹೆಸರು ನಮ್ಮಲ್ಲಿ ಅನೇಕರ ಕಿವಿಗೆ ಬಿದ್ದಿದೆ.

ಇಲ್ಲಿಗೆ ಬರುವ ಬಹುಪಾಲು ಜನ ವಿಮಾನದಿಂದ ಇಳಿದವರೇ ಕಡಲತೀರಕ್ಕೆ ಹೋಗಿ, ಬಣ್ಣಬಣ್ಣದ ಕಟ್ಟಡಗಳ ಮುಂದೆ ಒಂದು ಫೋಟೊ ತೆಗೆಸಿಕೊಂಡು ಹಿಂದಿರುಗುತ್ತಾರೆ. ಅದಕ್ಕಿಂತ ಮೊದಲು ಊರನ್ನು ಕಾಲ್ನಡಿಗೆಯಲ್ಲಿ ನೋಡಿ, ಆಮೇಲೆ ಕಾರು ಹಿಡಿದು ಪಶ್ಚಿಮಕ್ಕೆ ಹೋಗುವ ಕ್ರಮವೇ ಮೇಲು ಎಂಬುದು ಈ ಲೇಖನದ ಅಭಿಪ್ರಾಯ. ಏಕೆಂದರೆ ಊರಿನ ಚರಿತ್ರೆಯ ಅರ್ಧ ಭಾಗ ಆ ಕಡಲತೀರಗಳ ಹಿಂದಿನ ತೋಟದ ಮನೆಗಳಲ್ಲೇ ಇದೆ.

ಮೊದಲು ಕಾಗದಪತ್ರ

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಸಾಮಾನ್ಯವಾಗಿ ವೀಸಾ ಬೇಕು. ಇಲ್ಲಿ ಹಲವರು ಎಡವುವ ಸಂಗತಿಯೊಂದಿದೆ: ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾ ಬೇರೆ, ಕೆರಿಬಿಯನ್ ವೀಸಾ ಬೇರೆ. ಎರಡನ್ನೂ ಕೊಡುವುದು ನೆದರ್‌ಲೆಂಡ್ಸ್ ಸರ್ಕಾರವೇ ಆದರೂ ಕ್ಯುರಸಾವ್ ಷೆಂಗೆನ್ ಪ್ರದೇಶಕ್ಕೆ ಸೇರಿಲ್ಲ. ಕೆರಿಬಿಯನ್ ವೀಸಾ ಒಮ್ಮೆ ದೊರೆತರೆ ಅರುಬಾ, ಬೊನೇರ್, ಸಿಂಟ್ ಮಾರ್ಟೆನ್ ಮುಂತಾದ ನೆರೆಯ ಡಚ್ ದ್ವೀಪಗಳಿಗೂ ಅದು ಅನ್ವಯವಾಗುತ್ತದೆ. ಅಮೆರಿಕ, ಕೆನಡಾ ಅಥವಾ ಯುರೋಪಿನ ವಾಸದ ಪರವಾನಗಿ ಇರುವವರಿಗೆ ಕೆಲವು ವಿನಾಯಿತಿಗಳಿವೆ. ಆ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ತಮ್ಮ ಪರವಾನಗಿಗೆ ಯಾವ ನಿಯಮ ಅನ್ವಯಿಸುತ್ತದೆ ಎಂಬುದನ್ನು ನೆದರ್‌ಲೆಂಡ್ಸ್ ಸರ್ಕಾರದ ಅಧಿಕೃತ ಜಾಲತಾಣದಲ್ಲೇ ನೋಡಿಕೊಳ್ಳಬೇಕು. ಪರಿಚಯದವರು ಹೋದ ವರ್ಷ ಹೇಗೆ ಹೋಗಿಬಂದರು ಎಂಬುದನ್ನು ಆಧಾರವಾಗಿ ಇಟ್ಟುಕೊಳ್ಳಬಾರದು. ವೀಸಾ ಇರಲಿ, ವಿನಾಯಿತಿ ಇರಲಿ, ಹೊರಡುವ ಕೆಲವೇ ದಿನಗಳ ಮುಂಚೆ ಕ್ಯುರಸಾವ್‌ನ ಡಿಜಿಟಲ್ ಇಮಿಗ್ರೇಷನ್ ಕಾರ್ಡನ್ನು ಆನ್‌ಲೈನಿನಲ್ಲಿ ತುಂಬಬೇಕು. ಅಧಿಕೃತ ತಾಣದಲ್ಲಿ ಅದಕ್ಕೆ ಶುಲ್ಕವಿಲ್ಲ, ಹಣ ಕೇಳುವ ತಾಣ ಕಂಡರೆ ಅದನ್ನು ಮುಚ್ಚಿಬಿಡಿ. ಹಿಂದಿರುಗುವ ಟಿಕೆಟ್ ಮತ್ತು ಉಳಿಯುವ ಜಾಗದ ವಿಳಾಸ ಕೈಗೆ ಸಿಗುವಂತಿರಲಿ.

ದಾರಿ ಮತ್ತು ಕಾಲ

ಭಾರತದಿಂದ ನೇರ ವಿಮಾನವಿಲ್ಲ. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ, ಅಲ್ಲಿಂದ ಸುಮಾರು ಹತ್ತು ಗಂಟೆ ಹಾರಿ ಹಾಟೊ ವಿಮಾನ ನಿಲ್ದಾಣದಲ್ಲಿ ಇಳಿಯುವುದು ಒಂದು ದಾರಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಿಲ್ದಾಣದಿಂದ ಹೊರಬಂದು ಒಂದು ದಿನ ಉಳಿಯುವ ಆಸೆಯಿದ್ದರೆ ಷೆಂಗೆನ್ ವೀಸಾ ಪ್ರತ್ಯೇಕವಾಗಿ ಬೇಕು. ಮಯಾಮಿಯಿಂದ ದೂರ ಕಡಿಮೆ, ಹಾರಾಟ ಮೂರು ಗಂಟೆಯಷ್ಟು ಮಾತ್ರ. ಆದರೆ ಅಮೆರಿಕದಲ್ಲಿ ವಿಮಾನ ಬದಲಿಸುವುದಕ್ಕೂ ಅಲ್ಲಿನ ವೀಸಾ ಬೇಕಾಗುತ್ತದೆ.

ಕೆರಿಬಿಯನ್ ಎಂದೊಡನೆ ಚಂಡಮಾರುತದ ನೆನಪಾಗುವುದು ಸಹಜ. ಕ್ಯುರಸಾವ್ ಆ ಚಂಡಮಾರುತಗಳು ಸಾಮಾನ್ಯವಾಗಿ ಹಾಯುವ ಪಟ್ಟಿಗಿಂತ ದಕ್ಷಿಣದಲ್ಲಿರುವುದರಿಂದ ಅವು ಇಲ್ಲಿಗೆ ಬಡಿಯುವುದು ಅಪರೂಪ. ಮಳೆ ಬರುವುದಾದರೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ, ಅದೂ ನಮ್ಮ ಮಲೆನಾಡಿನವರು ಮಳೆ ಎಂದು ಕರೆಯಲಾರದಷ್ಟು. ಡಿಸೆಂಬರ್ ಮಧ್ಯದಿಂದ ಏಪ್ರಿಲ್‌ವರೆಗೆ ಯುರೋಪ್, ಅಮೆರಿಕಗಳ ಚಳಿ ತಪ್ಪಿಸಿಕೊಂಡು ಬರುವವರು ಹೆಚ್ಚಿರುವುದರಿಂದ ಕೋಣೆಗಳ ಬಾಡಿಗೆ ಏರಿರುತ್ತದೆ. ಮೇ ತಿಂಗಳ ನಂತರ ಅದು ಇಳಿಯುತ್ತದೆ. ಪೂರ್ವದಿಂದ ಬೀಸುವ ವಾಣಿಜ್ಯ ಮಾರುತ ವರ್ಷದ ಬಹುಪಾಲು ನಿಲ್ಲುವುದೇ ಇಲ್ಲ. ಗಾಳಿಯ ತಂಪಿನಲ್ಲಿ ಬಿಸಿಲಿನ ಕಾವು ಗೊತ್ತಾಗದೆ ಸಂಜೆಗೆ ಭುಜ ಉರಿಯತೊಡಗುತ್ತದೆ, ಆದ್ದರಿಂದ ಪೂರ್ತಿ ತೋಳಿನ ಹತ್ತಿ ಅಂಗಿ ಮತ್ತು ದಾರ ಕಟ್ಟುವ ಟೋಪಿ ಇಟ್ಟುಕೊಳ್ಳುವುದು ಜಾಣತನ.

ಹಣ, ವಿದ್ಯುತ್, ನೀರು

2025ರ ಮಾರ್ಚ್ 31ರಿಂದ ಇಲ್ಲಿನ ನಾಣ್ಯ ಕೆರಿಬಿಯನ್ ಗಿಲ್ಡರ್. ಒಂದು ಅಮೆರಿಕನ್ ಡಾಲರಿಗೆ 1.79 ಗಿಲ್ಡರ್ ಎಂಬ ಸ್ಥಿರ ದರವಿದೆ. ಡಾಲರ್ ನೋಟುಗಳನ್ನು ಅಂಗಡಿಗಳಲ್ಲಿ ತೆಗೆದುಕೊಳ್ಳುತ್ತಾರೆ, ಚಿಲ್ಲರೆ ಮಾತ್ರ ಗಿಲ್ಡರಿನಲ್ಲಿ ಬರಬಹುದು. ಯಾರಾದರೂ ಹಿಂದಿನ ಪ್ರವಾಸದಲ್ಲಿ ಉಳಿದ ಹಳೆಯ ಆಂಟಿಲಿಯನ್ ಗಿಲ್ಡರ್ ನೋಟುಗಳನ್ನು ನಿಮಗೆ ಕೊಟ್ಟರೆ ಅವು ಈಗ ಅಂಗಡಿಯಲ್ಲಿ ನಡೆಯುವುದಿಲ್ಲ.

ಮನೆಗಳಲ್ಲಿ ವಿದ್ಯುತ್ ಸಾಮಾನ್ಯವಾಗಿ 127 ವೋಲ್ಟ್; ಪ್ಲಗ್ಗಿಗೆ ಅಮೆರಿಕದಂತೆ ಚಪ್ಪಟೆ ಕಡ್ಡಿಗಳು. ಫೋನಿನ ಚಾರ್ಜರಿಗೆ ಅಡಾಪ್ಟರ್ ಒಂದಿದ್ದರೆ ಸಾಕು. ಆದರೆ ಕೋಣೆಯಲ್ಲೇ ಅನ್ನ ಮಾಡಿಕೊಳ್ಳೋಣವೆಂದು ಊರಿನಿಂದ ರೈಸ್ ಕುಕ್ಕರ್ ಹೊತ್ತು ತಂದರೆ ಅದು ಅರ್ಧ ಶಕ್ತಿಗಿಂತಲೂ ಕಡಿಮೆಯಲ್ಲಿ ತೆವಳುತ್ತದೆ, ಅಕ್ಕಿ ನೆನೆದು ಮುದ್ದೆಯಾಗುತ್ತದೆಯೇ ಹೊರತು ಬೇಯುವುದಿಲ್ಲ. ಅಡುಗೆ ಮಾಡಿಕೊಳ್ಳುವವರು ಒಲೆ ಇರುವ ಅಪಾರ್ಟ್‌ಮೆಂಟನ್ನೇ ಹಿಡಿಯಬೇಕು. ನದಿಗಳಿಲ್ಲದ ಈ ದ್ವೀಪ 1920ರ ದಶಕದಿಂದಲೂ ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುತ್ತಿದೆ. ನಲ್ಲಿಯ ನೀರು ಶುದ್ಧವಾಗಿರುವುದರಿಂದ ಬಾಟಲಿ ಕೊಳ್ಳುವ ಅಗತ್ಯವಿಲ್ಲ.

ಎರಡು ದಿನ ಕಾಲ್ನಡಿಗೆ

ರಾಜಧಾನಿ ವಿಲ್ಲೆಮ್‌ಸ್ಟಾಡ್‌ನ ಹಳೆಯ ಭಾಗ 1997ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಸಿಂಟ್ ಆನ್ನಾ ಕೊಲ್ಲಿಯ ಕಿರಿದಾದ ಕಾಲುವೆ ಊರನ್ನು ಪೂರ್ವದ ಪುಂಡಾ, ಪಶ್ಚಿಮದ ಓತ್ರೊಬಂಡಾ ಎಂದು ಸೀಳಿದೆ. ಈ ಎರಡರಲ್ಲಿ ಒಂದರಲ್ಲಿ, ಇಲ್ಲವೇ ಪಕ್ಕದ ಪೀಟರ್‌ಮಾಯ್‌ನಲ್ಲಿ ಕೋಣೆ ಹಿಡಿದರೆ ಮೊದಲೆರಡು ದಿನ ವಾಹನದ ಚಿಂತೆ ಇರುವುದಿಲ್ಲ.

ಓತ್ರೊಬಂಡಾ ದಂಡೆಯಿಂದ ಆರಂಭಿಸಿ. ಎದುರಿಗೆ ಕಾಣುವ ಹಂಡೆಲ್ಸ್‌ಕಾಡೆ ಎಂಬ ಹಳದಿ, ಕೆಂಪು, ನೀಲಿ ಕಟ್ಟಡಗಳ ಸಾಲೇ ಎಲ್ಲ ಚಿತ್ರಗಳಲ್ಲಿ ಕಾಣಿಸಿಕೊಳ್ಳುವಂಥದ್ದು. ಬಿಳಿ ಗೋಡೆಗಳ ಪ್ರತಿಫಲನದಿಂದ ತಲೆನೋವು ಬರುತ್ತದೆಂದು 1817ರಲ್ಲಿ ಗವರ್ನರ್ ಆಲ್ಬರ್ಟ್ ಕಿಕ್ಕರ್ಟ್ ಬೇರೆ ಬಣ್ಣ ಬಳಿಯಲು ಆಜ್ಞೆ ಮಾಡಿದನೆಂದೂ, ಬಣ್ಣದ ಅಂಗಡಿಯಲ್ಲಿ ಅವನಿಗೆ ಪಾಲಿತ್ತೆಂದು ಅವನು ಸತ್ತ ಮೇಲೆ ಗೊತ್ತಾಯಿತೆಂದೂ ಊರಿನವರು ಕತೆ ಹೇಳುತ್ತಾರೆ. ಕತೆಯ ಎರಡನೆಯ ಭಾಗವನ್ನು ಯಾವ ಮಾರ್ಗದರ್ಶಿಯೂ ಬಿಟ್ಟುಬಿಡುವುದಿಲ್ಲ. ಮೇಲ್ತುದಿಯ ತಿರುವು ಗೋಡೆಗಳು ಆಮ್‌ಸ್ಟರ್‌ಡ್ಯಾಮ್‌ನವಾದರೂ, ಬಿಸಿಲಿಗೆ ಹೆದರಿ ಸೇರಿಸಿದ ಮೊಗಸಾಲೆಗಳು, ಪಟ್ಟಿಬಾಗಿಲಿನ ಕಿಟಕಿಗಳು ಇಲ್ಲಿಯವು. ಸೇತುವೆಯ ಮೂಲೆಯಲ್ಲಿರುವ ಹಳದಿ ಪೆನ್ಹಾ ಕಟ್ಟಡ 1708ರದ್ದು.

ದಾಟಬೇಕಾದ ಕ್ವೀನ್ ಎಮ್ಮಾ ಸೇತುವೆ 1888ರಲ್ಲಿ ಕಟ್ಟಿದ್ದು. ಅದಕ್ಕೆ ಕಂಬಗಳಿಲ್ಲ, ಸಾಲಾಗಿ ಜೋಡಿಸಿದ ದೋಣಿಗಳ ಮೇಲೆ ಹಲಗೆ ಹಾಸಿದೆ. ಹಡಗು ಬರುವ ಹೊತ್ತಿಗೆ ಗಂಟೆ ಬಾರಿಸುತ್ತದೆ, ಗೇಟು ಮುಚ್ಚುತ್ತದೆ, ಪುಂಡಾ ಕಡೆಯ ತುದಿ ಬಿಟ್ಟುಕೊಂಡು ಇಡೀ ಸೇತುವೆ ಎಂಜಿನ್ನಿನ ಬಲದಿಂದ ನೀರಿನ ಮೇಲೆ ವೃತ್ತದ ಕಾಲು ಭಾಗ ಎಳೆಯುತ್ತಾ ಓತ್ರೊಬಂಡಾ ದಂಡೆಗೆ ಒರಗುತ್ತದೆ. ಗೇಟು ಮುಚ್ಚುವಾಗ ಮೇಲಿದ್ದವರು ಗಾಬರಿಯಾಗಬೇಕಿಲ್ಲ, ಸೇತುವೆಯೊಂದಿಗೆ ತಾವೂ ಸಾಗಬಹುದು. ಕಿತ್ತಳೆ ಬಾವುಟ ಹಾರಿಸಿದರೆ ಸ್ವಲ್ಪ ಹೊತ್ತಿಗೇ ಮತ್ತೆ ಕೂಡುತ್ತದೆ. ನೀಲಿ ಬಾವುಟ ಕಂಡರೆ ಕಾಯುವುದು ಬಿಟ್ಟು, ಅಂಥ ಹೊತ್ತಿನಲ್ಲಿ ಉಚಿತವಾಗಿ ಓಡಾಡುವ ದೋಣಿ ಹತ್ತುವುದು ಒಳ್ಳೆಯದು. ಒಂದು ಕಾಲದಲ್ಲಿ ಇಲ್ಲಿ ಚಪ್ಪಲಿ ಹಾಕಿದವರು ಸುಂಕ ಕೊಡಬೇಕಿತ್ತು, ಬರಿಗಾಲಿನವರಿಗೆ ಉಚಿತ. ವಾಹನಗಳಿಗೆ ಮೇಲೆ ಕಾಣುವ, 56 ಮೀಟರ್ ಎತ್ತರದ ಕ್ವೀನ್ ಯೂಲಿಯಾನಾ ಸೇತುವೆ ಇದೆ.

ಪುಂಡಾದಲ್ಲಿ ಮೊದಲು ಫೋರ್ಟ್ ಆಮ್‌ಸ್ಟರ್‌ಡ್ಯಾಮ್ ನೋಡಿ. ಕೋಟೆಯೊಳಗಿನ ಚರ್ಚಿನ ಹೊರಗೋಡೆಯಲ್ಲಿ 1804ರ ಬ್ರಿಟಿಷ್ ದಾಳಿಯ ಫಿರಂಗಿ ಗುಂಡೊಂದು ಇಂದಿಗೂ ಹುದುಗಿಕೊಂಡಿದೆ. ಅಲ್ಲಿಂದ ಕೆಲವೇ ನಿಮಿಷದ ನಡಿಗೆಯಲ್ಲಿ ಮಿಕ್ವೆ ಇಸ್ರೇಲ್-ಇಮ್ಯಾನುಯೆಲ್ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಸಿಗುತ್ತದೆ. ಆಮ್‌ಸ್ಟರ್‌ಡ್ಯಾಮ್‌ನಿಂದ ಬಂದ, ಸ್ಪೇನ್ ಮತ್ತು ಪೋರ್ಚುಗಲ್ ಮೂಲದ ಸೆಫಾರ್ಡಿ ಯಹೂದಿಗಳ ಸಮುದಾಯ 1651ರಲ್ಲಿ ಇಲ್ಲಿ ನೆಲೆಯೂರಿತು. ಈಗಿನ ಕಟ್ಟಡ 1732ರದ್ದು, ಅಮೆರಿಕ ಖಂಡಗಳಲ್ಲಿ ಎಡೆಬಿಡದೆ ಬಳಕೆಯಲ್ಲಿರುವ ಸಿನಗಾಗ್‌ಗಳಲ್ಲಿ ಅತ್ಯಂತ ಹಳೆಯದು. ಒಳಗೆ ಕಾಲಿಟ್ಟರೆ ನೆಲದ ತುಂಬ ಮರಳು. ಪೋರ್ಚುಗಲ್‌ನಲ್ಲಿ ಕದ್ದುಮುಚ್ಚಿ ಪ್ರಾರ್ಥಿಸುತ್ತಿದ್ದ ಪೂರ್ವಜರು ಹೆಜ್ಜೆಯ ಸದ್ದು ಕೇಳದಿರಲೆಂದು ಮರಳು ಹರಡುತ್ತಿದ್ದುದರ ನೆನಪು ಅದು ಎನ್ನುತ್ತಾರೆ. ಶನಿವಾರ ಅವರ ವಿಶ್ರಾಂತಿಯ ದಿನವಾದ್ದರಿಂದ ವಾರದ ದಿನಗಳಲ್ಲೇ ಹೋಗಬೇಕು.

ಪುಂಡಾದ ಬೀದಿಗಳಲ್ಲಿ ಬಟ್ಟೆ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಗಲ್ಲಾದಲ್ಲಿ ಭಾರತೀಯ ಮುಖಗಳು ಕಂಡರೆ ಅಚ್ಚರಿಪಡಬೇಡಿ. 1918ರಲ್ಲಿ ಷೆಲ್ ಕಂಪನಿಯ ತೈಲ ಸಂಸ್ಕರಣಾಗಾರ ಶುರುವಾಗಿ ದ್ವೀಪದಲ್ಲಿ ದುಡ್ಡು ಓಡಾಡತೊಡಗಿದಾಗ ಬಂದ ವರ್ತಕರಲ್ಲಿ ಸಿಂಧಿಗಳೂ ಇದ್ದರು. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಪ್ರವಾಸಿ ಹಡಗುಗಳು ಎರಡು ಮೂರು ಒಟ್ಟಿಗೆ ಬಂದು ನಿಂತ ದಿನ ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಡಗುಗಳ ವೇಳಾಪಟ್ಟಿ ನೋಡಿಕೊಂಡು ನಡಿಗೆಯ ದಿನ ಆರಿಸಿಕೊಳ್ಳಿ.

ಎರಡನೆಯ ದಿನದ ಬೆಳಿಗ್ಗೆಯನ್ನು ಗುಲಾಮರ ವ್ಯಾಪಾರದ ಚರಿತ್ರೆ ಹೇಳುವ, ಓತ್ರೊಬಂಡಾದ ಕುರಾ ಹುಲಾಂದಾ ವಸ್ತುಸಂಗ್ರಹಾಲಯಕ್ಕೆ ಮೀಸಲಿಡಬೇಕು. ಕಬ್ಬು ಬೆಳೆಯದ ಈ ಒಣ ನೆಲವನ್ನು ಡಚ್ಚರು ಬಂದರಾಗಿ ಬಳಸಿದರು, ಆ ಬಂದರಿನ ದೊಡ್ಡ ಸರಕು ಮನುಷ್ಯರು. ಆಫ್ರಿಕಾದಿಂದ ತಂದ ಗುಲಾಮರನ್ನು ಇಲ್ಲಿಂದ ಸ್ಪ್ಯಾನಿಷ್ ವಸಾಹತುಗಳಿಗೆ ಮಾರುತ್ತಿದ್ದರು. ಹಂಡೆಲ್ಸ್‌ಕಾಡೆಯ ಚಂದ ನೋಡಿದವರು ಅದಕ್ಕೆ ಹಣ ಎಲ್ಲಿಂದ ಬಂತೆಂಬುದನ್ನೂ ನೋಡಬೇಕಲ್ಲವೇ? ತೆರೆದಿರುವ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು ಹೋಗಿ.

ಊಟ

ಮಧ್ಯಾಹ್ನಕ್ಕೆ ಪುಂಡಾದ ಪ್ಲಾಸಾ ಬಿಯೆವ್ ಎಂಬ ಹಳೆಯ ಮಾರುಕಟ್ಟೆಗಿಂತ ಒಳ್ಳೆಯ ಜಾಗವಿಲ್ಲ. ದೊಡ್ಡ ಪಾತ್ರೆಗಳ ಹಿಂದೆ ನಿಂತು ಬಡಿಸುವ ಅಡುಗೆಯವರು, ಉದ್ದನೆಯ ಮೇಜುಗಳಲ್ಲಿ ಗುಮಾಸ್ತರು, ಕೂಲಿಗಳು, ಪ್ರವಾಸಿಗರು ಒತ್ತಿಕೊಂಡು ಕೂರುತ್ತಾರೆ. ಇಲ್ಲಿ ಸಿಗುವ ಫುಂಚಿಯನ್ನು ನೋಡಿದರೆ ಕನ್ನಡಿಗರಿಗೆ ಮನೆಯ ಮುದ್ದೆಯೇ ನೆನಪಾಗುತ್ತದೆ: ಕುದಿಯುವ ನೀರಿಗೆ ಜೋಳದ ಹಿಟ್ಟು ಸುರಿದು ಮರದ ಕೋಲಿನಿಂದ ಗಂಟಿಲ್ಲದಂತೆ ತಿರುವುತ್ತಾರೆ, ರಾಗಿಯ ಬದಲು ಮುಸುಕಿನ ಜೋಳ, ಅಷ್ಟೇ. ಅದರೊಂದಿಗೆ ಬರುವ ಸ್ತೊಬಾ ಎಂಬ ಸಾರು ಸಾಮಾನ್ಯವಾಗಿ ಆಡಿನ ಅಥವಾ ದನದ ಮಾಂಸದ್ದು. ಕೋಳಿ ತುಂಬಿದ ಚೀಸಿನ ಕೇಶಿ ಯೆನಾ ಇಲ್ಲಿಯ ಹೆಮ್ಮೆಯ ಖಾದ್ಯ.

ಸಸ್ಯಾಹಾರಿಗಳು ಸ್ವಲ್ಪ ಎಚ್ಚರ ವಹಿಸಬೇಕು. ಕಾಳು ಬೆರೆಸಿದ ಅನ್ನ, ಫುಂಚಿ ಮುಂತಾದವು ನೋಡಲು ಸಸ್ಯಾಹಾರವಾದರೂ ಬೇಯಿಸುವಾಗ ಉಪ್ಪು ಹಾಕಿಟ್ಟ ಮಾಂಸದ ತುಂಡು ಸೇರಿರಬಹುದು. ‘ಸಿನ್ ಕಾರ್ನಿ, ಸಿನ್ ಪಿಸ್ಕಾ’ ಎಂದರೆ ಮಾಂಸ ಬೇಡ, ಮೀನು ಬೇಡ ಎಂದು ಇಲ್ಲಿನ ಜನರ ಪಾಪಿಯಾಮೆಂಟು ಭಾಷೆಯಲ್ಲಿ ಕೇಳಿದಂತೆ. ಬೆಳಗಿನ ತಿಂಡಿಗೆ ಚೀಸ್ ತುಂಬಿ ಕರಿದ ಪಾಸ್ತೆಚಿ, ಕರಿದ ಬಾಳೆಕಾಯಿ ಎಲ್ಲ ಕಡೆ ಸಿಗುತ್ತವೆ. 1873ರಿಂದ ಡಚ್ಚರು ಉತ್ತರ ಭಾರತದ ಕೂಲಿಕಾರರನ್ನು ದಕ್ಷಿಣ ಅಮೆರಿಕದ ತಮ್ಮ ವಸಾಹತು ಸುರಿನಾಮ್‌ಗೆ ಸಾಗಿಸಿದ್ದರ ಫಲವಾಗಿ ಸುರಿನಾಮಿ ಹೋಟೆಲುಗಳಲ್ಲಿ ರೊಟ್ಟಿ, ಆಲೂಗಡ್ಡೆ ಪಲ್ಯವೂ ದೊರೆಯುತ್ತದೆ. ಅಂಗಡಿಯೊಳಗೆ ಕಾಲಿಟ್ಟಾಗ ‘ಬೊನ್ ದಿಯಾ’ ಎಂದು ನಮಸ್ಕಾರ ಹೇಳಿ ಆಮೇಲೆ ಬೇಕಾದ್ದು ಕೇಳುವುದು ಇಲ್ಲಿನ ಮರ್ಯಾದೆ.

ಆಮೇಲೆ ಕಾರು, ಪಶ್ಚಿಮಕ್ಕೆ

ದೊಡ್ಡ ಬಸ್ಸುಗಳು ದ್ವೀಪದ ತುದಿಗೂ ಹೋಗುತ್ತವೆ, ಆದರೆ ಅವುಗಳ ನಡುವಿನ ಅಂತರ ಉದ್ದ. ಮೂರನೆಯ ದಿನದಿಂದ ಬಾಡಿಗೆ ಕಾರು ಹಿಡಿಯುವುದೇ ಸರಿ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಜೊತೆಗಿರಲಿ. ರಸ್ತೆಯ ಬಲಭಾಗದಲ್ಲಿ ಓಡಿಸಬೇಕು, ಬಹುಕಾಲದ ನಂತರದ ಮೊದಲ ಮಳೆಗೆ ರಸ್ತೆ ಜಾರುತ್ತದೆ, ಆಡುಗಳಿಗೆ ಯಾವ ನಿಯಮವೂ ಇಲ್ಲ.

ವಿಲ್ಲೆಮ್‌ಸ್ಟಾಡ್‌ನಿಂದ ಪಶ್ಚಿಮದ ವೆಸ್ಟ್‌ಪುಂಟ್‌ಗೆ ಒಂದು ಗಂಟೆಯೊಳಗಿನ ದಾರಿ. ಕ್ರಿಸ್ಟೊಫೆಲ್ ಉದ್ಯಾನದ ಬೆಟ್ಟ 372 ಮೀಟರ್ ಎತ್ತರವಿದ್ದು ದ್ವೀಪದ ಅತಿ ಎತ್ತರದ ಜಾಗ. ಹತ್ತಿ ಇಳಿಯಲು ಎರಡು ಮೂರು ಗಂಟೆ ಬೇಕು, ತುದಿಯಲ್ಲಿ ಕೈಯೂರಿ ಹತ್ತುವ ಬಂಡೆಗಳಿವೆ. ಬಿಸಿಲೇರಿದ ಮೇಲೆ ಹತ್ತಲು ಬಿಡುವುದಿಲ್ಲವಾದ್ದರಿಂದ ಬೆಳಿಗ್ಗೆ ಬೇಗ ತಲುಪಬೇಕು. ಅದರ ಸಮೀಪದ ಶೆತೆ ಬೋಕಾದಲ್ಲಿ ಉತ್ತರದ ಅಲೆಗಳು ಸುಣ್ಣಕಲ್ಲಿನ ಗುಹೆಗಳಿಗೆ ನುಗ್ಗುವುದನ್ನು ನಿಂತು ನೋಡಬಹುದು, ಆ ಕಡೆಯ ನೀರಿಗೆ ಮಾತ್ರ ಇಳಿಯಬಾರದು.

ಈಜಲು ಇರುವುದು ದಕ್ಷಿಣ ದಂಡೆಯ ಸಣ್ಣ ಕೊಲ್ಲಿಗಳು. ಮೀನುಗಾರರು ಮೀನು ಹೆಚ್ಚುವ ಪ್ಲಾಯಾ ಪಿಸ್ಕಾಡೊದಲ್ಲಿ ಕಡಲಾಮೆಗಳು ದಡದ ಹತ್ತಿರವೇ ಸುಳಿಯುತ್ತವೆ, ಅವನ್ನು ಮುಟ್ಟಬಾರದು. ಅತಿ ಪ್ರಸಿದ್ಧವಾದ ಗ್ರೋಟೆ ಕ್ನಿಪ್‌ನಲ್ಲಿ ನೀಲಿ ನೀರು ನೋಡುವ ಮೊದಲು ಹಿಂದಿನ ಗುಡ್ಡದ ತೋಟದ ಮನೆಗೆ ಹೋಗಿ. ಹೈಟಿಯ ಗುಲಾಮರ ದಂಗೆಯ ಸುದ್ದಿ ತಿಳಿದಿದ್ದ ತುಲಾ ಎಂಬ ಗುಲಾಮ 1795ರ ಆಗಸ್ಟ್ 17ರಂದು ಸಂಗಡಿಗರೊಂದಿಗೆ ಕೆಲಸ ಮಾಡಲು ನಿರಾಕರಿಸಿದ್ದು ಇದೇ ತೋಟದಲ್ಲಿ. ದಂಗೆ ಒಂದು ತಿಂಗಳಿಗೂ ಮೀರಿ ನಡೆಯಿತು. ಅಕ್ಟೋಬರ್ 3ರಂದು ಅವನನ್ನು ಚಿತ್ರಹಿಂಸೆ ಕೊಟ್ಟು ಕೊಂದರು. ಈ ಭಾಗದ ಡಚ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾದದ್ದು 1863ರಲ್ಲಿ, ತುಲಾನ ಮೇಲಿದ್ದ ಅಪರಾಧಿಯ ಹಣೆಪಟ್ಟಿಯನ್ನು ಡಚ್ ಸರ್ಕಾರ ತೆಗೆದದ್ದು 2023ರಲ್ಲಿ.

ಕಡಲತೀರಗಳಲ್ಲಿ ಎರಡು ಎಚ್ಚರಿಕೆ. ಕಾರಿನೊಳಗೆ ಪಾಸ್‌ಪೋರ್ಟ್, ಚೀಲ ಏನನ್ನೂ ಬಿಡಬೇಡಿ. ಸಣ್ಣ ಹಸಿರು ಸೇಬಿನಂಥ ಕಾಯಿ ಬಿಡುವ ಮಂಚಿನೀಲ್ ಮರಗಳು ಕೆಲವು ದಡಗಳಲ್ಲಿವೆ. ಅದರ ಹಾಲು ಚರ್ಮ ಸುಡುತ್ತದೆ, ಕಾಯಿ ವಿಷ, ಮಳೆ ಬಂತೆಂದು ಅದರಡಿ ನಿಲ್ಲುವುದೂ ಅಪಾಯ. ಮಕ್ಕಳಿದ್ದರೆ ಮೊದಲೇ ತೋರಿಸಿ ಹೇಳಿ.

ಹೊರಡುವ ಮುನ್ನ

ಕೊನೆಯ ದಿನಕ್ಕೆ ಲಾಂಡ್‌ಹೌಸ್ ಚೊಬೊಲೊಬೊ ಹೊಂದುತ್ತದೆ. ಸ್ಪ್ಯಾನಿಷರು ನೆಟ್ಟ ವೆಲೆನ್ಸಿಯಾ ಕಿತ್ತಳೆ ಈ ಒಣ ನೆಲದಲ್ಲಿ ತಿನ್ನಲಾಗದಷ್ಟು ಕಹಿಯಾಯಿತು, ಆದರೆ ಅದರ ಸಿಪ್ಪೆಯ ಪರಿಮಳ ಉಳಿದಿತ್ತು. ಲರಾಹಾ ಎಂದು ಕರೆಯುವ ಆ ಕಹಿ ಕಿತ್ತಳೆಯ ಸಿಪ್ಪೆಯಿಂದ ತಯಾರಿಸುವ ಕ್ಯುರಸಾವ್ ಮದ್ಯದ ಭಟ್ಟಿ ಇಲ್ಲಿದೆ. ನೀಲಿ ಬಣ್ಣ ಬರಿ ಬಣ್ಣವೇ, ರುಚಿಗೆ ಅದರಿಂದ ಏನೂ ಸೇರುವುದಿಲ್ಲ. ಬಾಟಲಿ ಕೊಂಡರೆ ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಬ್ಯಾಗಿಗೆ ಹಾಕಿ. ಭಾರತಕ್ಕೆ ಒಬ್ಬರು ಸುಂಕವಿಲ್ಲದೆ ತರಬಹುದಾದ ಮದ್ಯ ಎರಡು ಲೀಟರ್. ಮನೆಗೆ ಫೋನ್ ಮಾಡುವವರು ಅಲ್ಲಿನ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು, ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮಾಡಿ ಮುಗಿಸಬೇಕು.