ಮಗುವಿಗಿಂತ ಮೊದಲು ಅಮ್ಮನ ಕೈಗೆ ಗಿಟಾರ್

ಚಿಕ್ಕಮಗಳೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಗಿಟಾರ್ ಕ್ಲಾಸ್ ಶುರು ಮಾಡಿದಾಗ ಆರೇಳು ವರ್ಷದ 8 ಮಕ್ಕಳು ಬಂದರು. ಎರಡು ತಿಂಗಳಿಗೆ ಉಳಿದದ್ದು 3. ತಪ್ಪು ನನ್ನದೇ. ನಾನು ಕಾಲೇಜಿನಲ್ಲಿ ಕಲಿತ ಹಾಗೇ ಅವರಿಗೂ ಕಲಿಸಲು ಹೋಗಿದ್ದೆ. ದೊಡ್ಡವರ ಗಿಟಾರ್, ಸ್ಟೀಲ್ ತಂತಿ, ಮೂರು ಬೆರಳಿನ ಸಿ ಕಾರ್ಡ್ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಕೆಲವು ಸ್ವರಗಳು).

ಈಗ ಯಾರಾದರೂ "ಯಾವ ಗಿಟಾರ್ ತಗೊಳ್ಳಲಿ ಮಿಸ್?" ಅಂದರೆ, "ಏನೂ ಬೇಡ, ಮೊದಲು ಮಗುವನ್ನ ಕರ್ಕೊಂಡು ಬನ್ನಿ" ಅನ್ನುತ್ತೇನೆ. ತೊಡೆ ಮೇಲೆ ಇಟ್ಟು ನೋಡಬೇಕು. ಐದಾರು ವರ್ಷದವರಿಗೆ ಸಾಮಾನ್ಯವಾಗಿ ಕಾಲು ಅಥವಾ ಅರ್ಧ ಸೈಜು, ಎಂಟು ದಾಟಿದವರಿಗೆ ಮುಕ್ಕಾಲು. ಅರ್ಧ ಅಂದರೆ ಉದ್ದದಲ್ಲಿ ಅರ್ಧ ಅಲ್ಲ, ಸುಮಾರು 34 ಇಂಚು ಇರುತ್ತದೆ. ತಂತಿ ನೈಲಾನಿನದೇ ಇರಲಿ. "ಹೇಗೂ ಬೆಳೀತಾನಲ್ಲ, ದೊಡ್ಡದೇ ಇರಲಿ" ಅನ್ನುವ ಯೂನಿಫಾರ್ಮ್ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮೊದಲ ಎರಡು ವಾರ ಮಗುವಿಗೆ ಪಾಠ ಇಲ್ಲ. ಅಪ್ಪನೋ ಅಮ್ಮನೋ ಕಲಿಯುತ್ತಾರೆ, ಮಗು ಪಕ್ಕದಲ್ಲಿ ಕೂತು ನೋಡುತ್ತದೆ. ಇದು ನನ್ನ ಬುದ್ಧಿಯಲ್ಲ. ಜಪಾನಿನ ವಯಲಿನ್ ಮೇಷ್ಟ್ರು ಶಿನಿಚಿ ಸುಜುಕಿ ಅವರ ಪದ್ಧತಿಯಲ್ಲಿ ತಾಯಂದಿರಿಗೇ ಮೊದಲು ನುಡಿಸಲು ಕಲಿಸುತ್ತಿದ್ದರು. ಅಮ್ಮನ ಕೈಯಲ್ಲಿರುವುದು ತನಗೂ ಬೇಕು ಅನ್ನಿಸದ ಮಗು ಎಲ್ಲಿದೆ? ಮೂರನೇ ವಾರಕ್ಕೆ ಕಿತ್ತಾಟವೇ ಶುರುವಾಗುತ್ತದೆ.

ಆಗ ಒಂದೇ ಬೆರಳಿನ ಕಾರ್ಡ್ ಕೊಡುತ್ತೇನೆ. ತೀರಾ ತೆಳ್ಳಗಿನ ತಂತಿಯ 3ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲೆ ಅಡ್ಡಪಟ್ಟಿಗಳ ನಡುವಿನ ಮನೆ) ಒತ್ತಿ ಕೆಳಗಿನ ಮೂರು ತಂತಿ ಮಾತ್ರ ಮೀಟಿದರೆ ಜಿ ಕಾರ್ಡ್. ಅದರ ಮೇಲಿನ ತಂತಿಯ 1ನೇ ಫ್ರೆಟ್ ಒತ್ತಿದರೆ ಸಿ. ಈ ಎರಡರಲ್ಲೇ ಎಷ್ಟೋ ಶಿಶುಗೀತೆ ಹಾಡಬಹುದು. ಮನೆಯಲ್ಲಿ ದಿನಕ್ಕೆ 10 ನಿಮಿಷ ಸಾಕು. ಬೆರಳ ತುದಿ ಜಡ್ಡುಗಟ್ಟಲು ಕೆಲವು ವಾರ ಬೇಕು, ಅಲ್ಲಿವರೆಗೆ ನೋವು ಇದ್ದದ್ದೇ.

ಆ ನೋವು ದೊಡ್ಡವರಿಗೂ ಗೊತ್ತಾಗಲಿ ಅನ್ನುವುದು ನನ್ನ ಆಸೆ. ಒಬ್ಬರು ಅಪ್ಪ ಮಗನನ್ನು ಸೋಮಾರಿ ಅಂತ ಬೈತಾ ಇದ್ದರು. ಗಿಟಾರ್ ಕೊಟ್ಟು ಎರಡು ನಿಮಿಷ ಒತ್ತಿಹಿಡಿಯಲು ಹೇಳಿದೆ. ಬೆರಳು ನೋಡಿಕೊಂಡು ಸುಮ್ಮನಾದರು.

ಇನ್ನು ನಮ್ಮ ಮಳೆ. ಒಂದು ಜುಲೈಯಲ್ಲಿ ಆಲ್ದೂರು ಕಡೆಯ ಹುಡುಗಿ ಇದ್ದಕ್ಕಿದ್ದಂತೆ "ಒತ್ತಕ್ಕೇ ಆಗಲ್ಲ ಮಿಸ್" ಅಂತ ಅತ್ತಳು. ಅಭ್ಯಾಸ ಬಿಟ್ಟಿದ್ದಾಳೆ ಅಂದುಕೊಂಡೆ. ನೋಡಿದರೆ ಗಿಟಾರನ್ನು ಹೊರಗೋಡೆಗೆ ಒರಗಿಸಿಟ್ಟಿದ್ದರು. ತೇವಕ್ಕೆ ಮರ ಉಬ್ಬಿ ತಂತಿಗಳು ಮೇಲೆದ್ದಿದ್ದವು, ಹಿಂಬದಿಗೆ ಬೂಷ್ಟು ಬೇರೆ. ಈಗ ಮಳೆಗಾಲ ಬಂದರೆ ಎಲ್ಲರಿಗೂ ಒಂದೇ ಮಾತು: ಚೀಲದೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಒಳಕೋಣೆಯಲ್ಲಿ ಜಾಗ, ಒಲೆ ಹತ್ತಿರ ಒಣಗಿಸುವುದು ಮಾತ್ರ ಬೇಡ.

ಆ ಹುಡುಗಿಯ ಅಮ್ಮ ಈಗಲೂ ಪ್ರತಿ ಭಾನುವಾರ ಜೊತೆಗೆ ಬರುತ್ತಾರೆ. ಮೊನ್ನೆ ನೋಡಿದೆ, ತಂತಿ ಒತ್ತಲು ಅಡ್ಡ ಬಾರದ ಹಾಗೆ ಅಮ್ಮನ ಎಡಗೈ ಉಗುರು ನೀಟಾಗಿ ಕತ್ತರಿಸಿತ್ತು. ಮಗಳದ್ದು ಬೆಳೆದು ನಿಂತಿತ್ತು.